ಪಡಸಾಲೆಯಿಂದ ಪ್ರಸಂಗಪೀಠಕ್ಕೆ

ಕ್ರೈಸ್ತ ಸಭೆಯಲ್ಲಿ ಹೆಂಗಸು ಬಾಯಿ ತೆರೆಯಬಾರದು ಎನ್ನುವವರು ಇವತ್ತಿಗೂ ಅಪೊಸ್ತಲ ಪೌಲನನ್ನು ಮುಂದಿಡುತ್ತಾರೆ. ಕೊರಿಂಥದವರಿಗೆ ಅವನು ಬರೆದ ಮೊದಲ ಪತ್ರದ 14ನೇ ಅಧ್ಯಾಯ ಅವರ ಆಧಾರ. ಅದೇ ಪತ್ರದ 11ನೇ ಅಧ್ಯಾಯದಲ್ಲಿ, ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕು ಇರಲಿ ಎಂದವನೂ ಅವನೇ. ಬಾಯಿ ತೆರೆಯದೆ ಪ್ರವಾದಿಸುವುದು ಹೇಗೆ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆಯಲ್ಲಿ ಈ ವಾದದ ಬೇರು ಹುಡುಕಹೊರಟರೆ ಇಂಗ್ಲೆಂಡಿನವರೆಗೆ ಹೋಗಬೇಕಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕನ್ನಡದಲ್ಲಿ ಸುವಾರ್ತೆ ಸಾರಿದವರಲ್ಲಿ ವೆಸ್ಲಿಯನ್ ಮಿಷನ್‌ನವರು ಪ್ರಮುಖರು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದರು. ಮುಂದೆ ಚಿತ್ರದುರ್ಗವೂ ಆ ಮಿಷನ್‌ನ ಕ್ಷೇತ್ರವಾಯಿತು. ಇದೇ ವೆಸ್ಲಿಯನ್ ಸಭೆ 1803ರಲ್ಲಿ ತನ್ನ ನಾಡಿನಲ್ಲಿ ಹೆಂಗಸರ ಬೋಧನೆಗೆ ಕಡಿವಾಣ ಹಾಕಿತ್ತು. ವಿಶೇಷ ಕರೆ ಇದ್ದವರು ಬೋಧಿಸಬಹುದು, ಆದರೆ ಹೆಂಗಸರಿಗೆ ಮಾತ್ರ ಎಂಬುದು ಅದರ ತೀರ್ಮಾನ. ಆ ಸಭೆಯ ಮೂಲಪುರುಷ ಜಾನ್ ವೆಸ್ಲಿ ಬದುಕಿದ್ದಾಗ ಸಾರಾ ಕ್ರಾಸ್ಬಿ, ಮೇರಿ ಬೋಸಾಂಕೆಟ್ ಅಂಥವರು ಬೋಧಿಸಿದ್ದರು. ಆತ ತೀರಿಕೊಂಡು ಹನ್ನೆರಡು ವರ್ಷಕ್ಕೇ ಆ ಬಾಗಿಲು ಬಹುಪಾಲು ಮುಚ್ಚಿತು.

ಆದರೆ ಇಲ್ಲಿನ ಮನೆಗಳಲ್ಲಿ ಹೊರಗಿನ ಗಂಡಸು ನಡುಮನೆ ದಾಟುವಂತಿರಲಿಲ್ಲ. ಒಳಗಿನ ಹೆಂಗಸರಿಗೆ ದೇವರ ವಾಕ್ಯ ತಲುಪಬೇಕಾದರೆ ಹೆಂಗಸೇ ಹೋಗಬೇಕಿತ್ತು. ಹಾಗೆ ಹುಟ್ಟಿಕೊಂಡ ಕೆಲಸ ‘ಬೈಬಲ್ ವುಮನ್’ಳದು. ಅನೇಕರು ವಿಧವೆಯರು. ಸಂಬಳ ಅಲ್ಪ. ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ, ಕೈಚೀಲದಲ್ಲಿ ಸುವಾರ್ತೆಯ ಸಣ್ಣ ಪುಸ್ತಕ ಇಟ್ಟುಕೊಂಡು ಹೊರಡಬೇಕು. ಪಡಸಾಲೆಯಲ್ಲಿ ಕುಳಿತು ಕೀರ್ತನೆ ಹಾಡಬೇಕು, ಕಥೆ ಹೇಳಬೇಕು, ಹುಡುಗಿಯರಿಗೆ ಅಕ್ಷರ ತಿದ್ದಿಸಬೇಕು, ಬಾಣಂತಿಯ ಕಷ್ಟಸುಖ ಕೇಳಬೇಕು. ಕೇಳುವವಳ ಅನುಮಾನಕ್ಕೆ ಅಲ್ಲೇ ಉತ್ತರ ಹೇಳಬೇಕು. ಇದು ಪ್ರಸಂಗವಲ್ಲದೆ ಮತ್ತೇನು? ಭಾನುವಾರ ಬಂದರೆ ಅದೇ ಹೆಂಗಸು ದೇವಾಲಯದಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತು ಕೇಳಿಸಿಕೊಳ್ಳುವವಳು. ಮಿಷನ್ ವರದಿಗಳಲ್ಲಿ ಇಂಥವರ ಹೆಸರುಗಳು ಸಿಗುವುದೇ ಅಪರೂಪ. ಸಭೆಗಳನ್ನು ಕಟ್ಟಿದವರ ಪಟ್ಟಿಯಲ್ಲಿ ಅವರಿಲ್ಲದಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡು ಆಂಗ್ಲಿಕನ್, ಮೆಥೊಡಿಸ್ಟ್ (ವೆಸ್ಲಿಯನ್ ಪರಂಪರೆಯವರು) ಮುಂತಾದವರು ಒಂದಾದರು. ದೊಡ್ಡ ದೊಡ್ಡ ಭೇದಗಳೇ ಕರಗಿದ ಆ ದಿನವೂ ದೀಕ್ಷೆ ಪಡೆದ ಸಭಾಪಾಲಕರೆಲ್ಲ ಗಂಡಸರೇ. ಹೆಣ್ಣಿಗೆ ಆ ದೀಕ್ಷೆ ಸಿಗಲು 1976 ಬರಬೇಕಾಯಿತು. ಎಲಿಜಬೆತ್ ಪಾಲ್ ಮೊದಲಿಗರು.

ಅದಕ್ಕೂ ಮೊದಲೇ ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯ ಮಗಳೊಬ್ಬರು ಇನ್ನೊಂದು ಧರ್ಮದಲ್ಲಿ, ಲಿಂಗಾಯತದಲ್ಲಿ, ಇದೇ ಗೋಡೆಗೆ ಎದುರಾಗಿದ್ದರು. ಲಿಂಗಾನಂದ ಸ್ವಾಮೀಜಿಯವರಿಂದ 1966ರಲ್ಲಿ ದೀಕ್ಷೆ ಪಡೆದ ಮಾತೆ ಮಹಾದೇವಿ 1970ರಲ್ಲಿ ಧಾರವಾಡದಲ್ಲಿ ಜಗದ್ಗುರು ಪೀಠವೇರಿದರು. ಅಕ್ಕಮಹಾದೇವಿಯ ವಚನಗಳನ್ನು ತಲೆಮೇಲೆ ಹೊತ್ತ ಸಮಾಜಕ್ಕೂ ಪೀಠದ ಮೇಲೆ ಹೆಣ್ಣನ್ನು ನೋಡುವುದು ಸುಲಭವಾಗಿರಲಿಲ್ಲ. ಹೆಣ್ಣಿನ ಭಕ್ತಿಯನ್ನು ಕೊಂಡಾಡಿ, ಅಧಿಕಾರವನ್ನು ತಡೆಯುವ ಚಾಳಿ ಎರಡೂ ಕಡೆ ಒಂದೇ.

ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅಭಿಷಿಕ್ತರಾದದ್ದು 2013ರಲ್ಲಿ. ಆಮೇಲಿನ ದಶಕದಲ್ಲೂ ಕರ್ನಾಟಕದ ಮೂರು ಸಭಾಪ್ರಾಂತಗಳಲ್ಲಿ ಯಾವುದಕ್ಕೂ ಮಹಿಳೆ ಬಿಷಪ್ ಆಗಲಿಲ್ಲ. ಇನ್ನು ಕ್ಯಾಥೊಲಿಕರ ಕಡೆ ನೋಡಿದರೆ, ಚಿತ್ರದುರ್ಗ ಜಿಲ್ಲೆಯನ್ನೂ ಒಳಗೊಂಡ ಅವರ ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಸ್ಥಾಪನೆಯಾಯಿತು. ಕ್ಯಾಥೊಲಿಕರಲ್ಲಿ ಹೆಣ್ಣಿಗೆ ಯಾಜಕದೀಕ್ಷೆಯಿಲ್ಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಹಾಗೂ ಪೀಠಸೇವಕರ ಸೇವಾಪದವಿಗಳನ್ನು ಹೆಂಗಸರಿಗೂ ತೆರೆದರು. ಅದೇ ವರ್ಷ ಧರ್ಮೋಪದೇಶಕರ ಪದವಿಯನ್ನೂ ವಿಧಿವತ್ತಾಗಿ ಸ್ಥಾಪಿಸಿದರು. ಮಕ್ಕಳಿಗೆ ಧರ್ಮಬೋಧನೆ ಮಾಡುವ ಕೆಲಸವನ್ನಂತೂ ಸಿಸ್ಟರ್‌ಗಳು ಅದಕ್ಕೂ ಎಷ್ಟೋ ಕಾಲದ ಹಿಂದಿನಿಂದಲೇ ಮಾಡುತ್ತಿದ್ದರು.