ನೀರಿನೊಳಗಿನ ಪಾಷಾಣವೂ ದೇಹದ ಜಮಾಖರ್ಚೂ
ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಜಮೀನುದಾರರಿಗೂ ಗ್ರಾಮಮುಖಂಡರಿಗೂ ತಿಳಿವಳಿಕೆ

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯ ಕಲ್ಲಿನಲ್ಲಿ ಚಿನ್ನವುಂಟೆಂಬುದು ಸರ್ವರಿಗೂ ತಿಳಿದ ಸಂಗತಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯೂ ದೇವದುರ್ಗ ತಾಲ್ಲೂಕಿನ ಊಟಿಯ ಗಣಿಯೂ ಇದಕ್ಕೆ ಸಾಕ್ಷಿ. ಆದರೆ ಚಿನ್ನವಿರುವ ಕಲ್ಲಿನ ಪದರುಗಳಲ್ಲಿ ಕಬ್ಬಿಣ ಗಂಧಕಗಳೊಡನೆ ಕೂಡಿದ ಆರ್ಸೆನಿಕ್ ಎಂಬ ಪಾಷಾಣವೂ ಅನೇಕ ಕಡೆ ಇರುತ್ತದೆ. ಕಲ್ಲು ಶಿಥಿಲವಾದಂತೆ ಅದು ಕರಗಿ ಅಂತರ್ಜಲವನ್ನು ಸೇರುವುದುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಿಳಿಯಾದ ಸಿಹಿನೀರಿನಲ್ಲಿಯೂ ಅದು ಇರಬಹುದು.

ಕಿರದಳ್ಳಿ ತಾಂಡಾದ ಸಂಗತಿ

ಕೃಷ್ಣೆಯ ಆಚೆಯ ದಡದಲ್ಲಿ, ಸುರಪುರ ತಾಲ್ಲೂಕಿನಲ್ಲಿ, ಮಂಗಳೂರು ಎಂಬ ಗ್ರಾಮದ ಸಮೀಪ ಹಿಂದೆ ಚಿನ್ನ ತೆಗೆಯುತ್ತಿದ್ದ ಪ್ರದೇಶವಿದೆ. ಅಲ್ಲಿಯ ಕಿರದಳ್ಳಿ ತಾಂಡಾದ ಜನರ ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳೂ, ಅಂಗೈ ಅಂಗಾಲುಗಳಲ್ಲಿ ಒರಟಾದ ಗಂಟುಗಳೂ ಕಂಡುಬಂದುವು. ಆ ಪ್ರದೇಶವನ್ನು ಕುರಿತು 2013ರಲ್ಲಿ ಪ್ರಕಟವಾದ ಶಾಸ್ತ್ರೀಯ ವರದಿಯಂತೆ, ಪರೀಕ್ಷಿಸಿದ 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79 ಮಿತಿಮೀರಿದ್ದುವು. ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ಮಿತಿ. ಅಲ್ಲಿ ಅತ್ಯಧಿಕವಾಗಿ 303 ದೊರೆಯಿತು. ಪರೀಕ್ಷೆಗೆ ಒಳಗಾದ 181 ಜನರಲ್ಲಿ ನೂರಕ್ಕೆ 58ಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಲಕ್ಷಣಗಳಿದ್ದುವು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ ಆಗುತ್ತದೆ. ಇಷ್ಟು ಅಲ್ಪವಾದ ವಸ್ತು ಇಷ್ಟು ಕೇಡು ಮಾಡುವುದು ಹೇಗೆಂಬುದನ್ನು ಮುಂದೆ ವಿವರಿಸಿದೆ.

ದೇಹದೊಳಗೆ ನಡೆಯುವುದೇನು?

ನೀರಿನೊಡನೆ ಸೇವಿಸಿದ ಪಾಷಾಣದ ಬಹುಭಾಗವು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತವು ಅದನ್ನು ಯಕೃತ್ತಿಗೆ ಒಯ್ಯುತ್ತದೆ. ಯಕೃತ್ತು ಅದರ ರೂಪವನ್ನು ಎರಡು ಹಂತಗಳಲ್ಲಿ ಬದಲಾಯಿಸುತ್ತದೆ. ಮೂತ್ರಪಿಂಡಗಳು ಅದನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ನಡುಹಂತದ ವಸ್ತು ದೇಹಕ್ಕೆ ಹೆಚ್ಚು ಬಾಧಕ. ಹೊಟ್ಟೆಗೆ ಸಾಕಷ್ಟು ಬೇಳೆ, ಸೊಪ್ಪು, ಹಾಲು ದೊರೆಯದವರಲ್ಲಿ ಈ ಕೆಲಸ ಕುಂಟುವುದರಿಂದ ಬಡವರಿಗೆ ಬಾಧೆ ಹೆಚ್ಚು. ಉಳಿದ ಕಿಂಚಿತ್ ಭಾಗವು ಚರ್ಮ, ಕೂದಲು, ಉಗುರುಗಳಲ್ಲಿ ಸೇರಿಕೊಳ್ಳುತ್ತದೆ. ಆದುದರಿಂದ ಮೂತ್ರಪರೀಕ್ಷೆಯು ಕಳೆದ ಕೆಲವು ದಿನಗಳ ಸೇವನೆಯನ್ನೂ, ಉಗುರಿನ ಪರೀಕ್ಷೆಯು ಕಳೆದ ಕೆಲವು ತಿಂಗಳುಗಳದನ್ನೂ ತೋರಿಸುತ್ತದೆ.

ಲೆಕ್ಕದ ಮಾದರಿ

ಶಾಸ್ತ್ರಜ್ಞರು ಕರುಳು, ರಕ್ತ, ಯಕೃತ್ತು, ಮೂತ್ರಪಿಂಡ, ಚರ್ಮ ಇವಕ್ಕೆ ಒಂದೊಂದು ಖಾತೆಯನ್ನಿಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುವ ಮೊತ್ತವನ್ನು ಗಣಿತದಿಂದ ಬರೆಯುತ್ತಾರೆ. 2008ರಲ್ಲಿ ಎಲ್-ಮಸ್ರಿ, ಕೆನ್ಯನ್ ಎಂಬಿಬ್ಬರು ಮನುಷ್ಯದೇಹಕ್ಕೆ ಇಂತಹ ಮಾದರಿಯೊಂದನ್ನು ಪ್ರಕಟಿಸಿದರು. ನಮ್ಮ ಕಾರ್ಯಕ್ಕೆ ಇಡೀ ದೇಹವನ್ನು ಒಂದೇ ಖಾತೆಯೆಂದು ಭಾವಿಸಿದರೆ ಸಾಕು.

ಲೀಟರಿಗೆ 50 ಮೈಕ್ರೋಗ್ರಾಂ ಪಾಷಾಣವಿರುವ ಬಾವಿಯ ನೀರನ್ನು, ಬೇಸಿಗೆಯಲ್ಲಿ ದುಡಿಯುವ ಒಬ್ಬನು ದಿನಕ್ಕೆ 4 ಲೀಟರು ಕುಡಿಯುವನೆಂದು ಇಟ್ಟುಕೊಳ್ಳಿರಿ. ದಿನದ ಜಮಾ 200. ಒಳಗಿರುವುದರ ಅರ್ಧವು ಸುಮಾರು 4 ದಿನಗಳಲ್ಲಿ ಹೊರಹೋಗುವುದರಿಂದ, ದಿನದ ಖರ್ಚು ಶಿಲ್ಕಿನ ಆರನೆಯ ಒಂದು ಪಾಲಿನಷ್ಟು. ಮೊದಲ ದಿನದ ಶಿಲ್ಕು 200. ಎರಡನೆಯ ದಿನ 367. ಮೂರನೆಯ ದಿನ 506. ಹೀಗೆ ಏರುತ್ತ ಮೂರು ವಾರಗಳಲ್ಲಿ 1200ರ ಸಮೀಪಕ್ಕೆ ಬಂದು ನಿಲ್ಲುತ್ತದೆ. 1200ರ ಆರನೆಯ ಪಾಲು 200. ಅಂದರೆ ಬಂದಷ್ಟೇ ಹೋಗುತ್ತದೆ, ಶಿಲ್ಕು ಮಾತ್ರ ತೀರುವುದಿಲ್ಲ. ಆ ನೀರನ್ನು ಕುಡಿಯುವವರೆಗೂ ದೇಹವು ಈ ಭಾರವನ್ನು ಹಗಲಿರುಳು ಹೊತ್ತಿರುತ್ತದೆ.

ಈಗ ಅವನು ಪಾಷಾಣವಿಲ್ಲದ ಬಾವಿಗೆ ಹೋದನೆನ್ನಿ. ಶಿಲ್ಕು 4 ದಿನಗಳಲ್ಲಿ ಅರ್ಧಕ್ಕೂ, 8 ದಿನಗಳಲ್ಲಿ ಕಾಲುಭಾಗಕ್ಕೂ ಇಳಿದು, 20 ದಿನಗಳಲ್ಲಿ 30ರ ಸಮೀಪಕ್ಕೆ ಬರುತ್ತದೆ. ಲೀಟರಿಗೆ 10 ಇರುವ ನೀರನ್ನು ಹಿಡಿದರೂ 1200 ಇದ್ದದ್ದು 240ಕ್ಕೆ ನಿಲ್ಲುತ್ತದೆ. ಬಾವಿಯನ್ನು ಬದಲಿಸುವುದೇ ಇದಕ್ಕೆ ಮೊದಲನೆಯ ಚಿಕಿತ್ಸೆಯೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಮಿತಿಯುಂಟು. ಸ್ವಲ್ಪ ಭಾಗವು ವಾರಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಶಿಲ್ಕು ಇಳಿದರೂ ವರ್ಷಗಟ್ಟಲೆ ಆದ ಕೇಡು ಒಡನೆಯೇ ಅಳಿಯುವುದಿಲ್ಲ. ದೀರ್ಘಕಾಲ ಇಂತಹ ನೀರು ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರಬಹುದು. ಆದುದರಿಂದ ಗುರುತು ಕಾಣುವವರೆಗೆ ಕಾಯಬಾರದು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ನೀರು ಕುಡಿಯುವುದರಿಂದ ಅವರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು.

ಅನ್ನದ ಮೂಲಕ ಬರುವುದು

ಕುಡಿಯುವ ನೀರಿನೊಂದಿಗೆ ಅಡಿಗೆಯ ನೀರನ್ನೂ ಜಮಾ ಹಿಡಿಯಬೇಕು. ಅದೇ ಬಾವಿಯ ಒಂದು ಲೀಟರು ನೀರನ್ನು ಅನ್ನದಲ್ಲಿ ಇಂಗಿಸಿದರೆ ಅದರ 50 ಮೈಕ್ರೋಗ್ರಾಮೂ ಅನ್ನದಲ್ಲಿಯೇ ಉಳಿಯುತ್ತದೆ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಿಲ್ಲದೆ ಪಾಷಾಣವು ಸುಲಭವಾಗಿ ಕರಗುವುದರಿಂದ ಭತ್ತದ ಬೇರು ಅದನ್ನು ಹೀರುತ್ತದೆ. ಒಣಭೂಮಿಯ ಜೋಳಕ್ಕೆ ಈ ಬಾಧೆ ಕಡಮೆ. ಮಾನ್ವಿಯ ಕಡೆ ಕಾಲುವೆಯ ನೀರು ಸಾಲದೆ ಕೊಳವೆ ಬಾವಿಯಿಂದ ಗದ್ದೆಗೆ ನೀರು ಹಾಯಿಸುವವರು ಆ ಬಾವಿಯನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಶುದ್ಧವಾದ ನೀರನ್ನು ಹೆಚ್ಚಾಗಿ ಹಾಕಿ ಅನ್ನ ಬೇಯಿಸಿ ಗಂಜಿ ಬಸಿದರೆ ಅಕ್ಕಿಯಲ್ಲಿರುವುದರ ಒಂದು ಭಾಗ ಹೊರಹೋಗುತ್ತದೆ.

ಗ್ರಾಮಮುಖಂಡರು ಮಾಡತಕ್ಕದ್ದು

1. ಒಂದು ಬಾವಿ ಒಳ್ಳೆಯದೆಂದು ಪಕ್ಕದ ಬಾವಿಯನ್ನೂ ನಂಬಬಾರದು. ಕುಡಿಯುವ ನೀರಿನ ಪ್ರತಿಯೊಂದು ಬಾವಿಯ ಮಾದರಿಯನ್ನೂ ಗ್ರಾಮ ಪಂಚಾಯಿತಿಯ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿ, ಆರ್ಸೆನಿಕ್ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಬೇಕು. ಫ್ಲೋರೈಡ್ ಪರೀಕ್ಷೆಯಿಂದ ಇದು ತಿಳಿಯದು.

2. ಕೆಟ್ಟ ಬಾವಿಗೆ ಕೆಂಪು ಬಣ್ಣವನ್ನೂ ಒಳ್ಳೆಯದಕ್ಕೆ ಹಸಿರು ಬಣ್ಣವನ್ನೂ ಬಳಿಯಬೇಕು. ಬಾಂಗ್ಲಾದೇಶದಲ್ಲಿ ಲಕ್ಷಾಂತರ ಬಾವಿಗಳಿಗೆ ಹೀಗೆಯೇ ಮಾಡಿದರು. ಓದು ಬಾರದವರಿಗೂ ಇದು ತಿಳಿಯುತ್ತದೆ. ಕೆಂಪು ಬಾವಿಯ ನೀರು ಬಟ್ಟೆ ಒಗೆಯಲು ಸಲ್ಲುತ್ತದೆ, ಕುಡಿಯಲೂ ಅಡಿಗೆಗೂ ಸಲ್ಲದು.

3. ನೀರನ್ನು ಕಾಯಿಸುವುದರಿಂದ ಪಾಷಾಣ ಹೋಗದು. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ.

4. ಶುದ್ಧೀಕರಣ ಘಟಕವಿರುವಲ್ಲಿ ಒಳಬರುವ ನೀರನ್ನೂ ಹೊರಬರುವ ನೀರನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕು. ಘಟಕವು ಬಿಟ್ಟ ಕೆಟ್ಟ ನೀರನ್ನು ಬಾವಿಯ ಬಳಿಗಾಗಲಿ ದನಗಳ ತೊಟ್ಟಿಗಾಗಲಿ ಹರಿಯಬಿಡಬಾರದು.

5. ಮೈಮೇಲೆ ಚುಕ್ಕೆ ಗಂಟುಗಳಿರುವವರನ್ನು ಕುಷ್ಠರೋಗಿಗಳೆಂದು ದೂರವಿಡುವುದು ಅನ್ಯಾಯ. ಇದು ಅಂಟುರೋಗವಲ್ಲ, ಅವರೊಡನೆ ಊಟಕ್ಕೂ ಸಂಬಂಧಕ್ಕೂ ಅಡ್ಡಿಯಿಲ್ಲ. ಅವರನ್ನು ವೈದ್ಯರಲ್ಲಿಗೆ ಕಳುಹಿಸಿ, ಅವರು ಕುಡಿಯುವ ಬಾವಿಯನ್ನು ಎಲ್ಲಕ್ಕಿಂತ ಮೊದಲು ಪರೀಕ್ಷೆಗೆ ಒಪ್ಪಿಸಬೇಕು.

ಹೊಲದ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕಾಗಬಹುದು. ನೀರಿನ ಈ ಲೆಕ್ಕದಲ್ಲಿ ಜಮಾ ದಿನದಿನವೂ ಬೀಳುತ್ತದೆ. ಅದನ್ನು ನಿಲ್ಲಿಸುವುದು ಊರಿನ ಹಿರಿಯರ ಕೈಯಲ್ಲಿದೆ.