ಎ.ಸಿ.ಯ ಹೊರಘಟಕಕ್ಕೆ ತಕ್ಕ ತಾಣ

ಸ್ಪ್ಲಿಟ್ ಎ.ಸಿ. ಎಂದು ಕರೆಯಲಾಗುವ ಹವಾನಿಯಂತ್ರಕದಲ್ಲಿ ಎರಡು ಘಟಕಗಳಿದ್ದು, ಒಂದು ಕೋಣೆಯ ಗೋಡೆಯ ಮೇಲೂ ಇನ್ನೊಂದು ಮನೆಯ ಹೊರಗೂ ಇರುತ್ತದೆ. ಕೊಳ್ಳುವವರ ಗಮನವೆಲ್ಲ ಒಳಘಟಕದ ಮೇಲೆಯೇ ಇದ್ದರೂ, ಯಂತ್ರ ಎಷ್ಟು ವಿದ್ಯುತ್ತನ್ನು ಬಳಸುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬ ಎರಡೂ ಪ್ರಶ್ನೆಗಳು ಬಹುಮಟ್ಟಿಗೆ ತೀರ್ಮಾನವಾಗುವುದು ಹೊರಘಟಕ ನಿಂತಿರುವ ಜಾಗದಲ್ಲಿ. ಆ ಜಾಗವನ್ನು ಮನೆಯ ನಕ್ಷೆ ಬರೆಯುವಾಗಲೇ ಗೊತ್ತುಪಡಿಸದೆ, ಕಟ್ಟಡ ಮುಗಿದ ಮೇಲೆ ಮೂಲೆಯೊಂದನ್ನು ಹುಡುಕುವ ರೂಢಿಯೇ ಅನೇಕ ತೊಂದರೆಗಳಿಗೆ ಮೂಲವಾಗಿದೆ.

ಕಾರಣ ತಿಳಿಯಬೇಕಾದರೆ ಯಂತ್ರದ ಕೆಲಸವನ್ನು ಮೊದಲು ನೋಡಬೇಕು. ತಾಮ್ರದ ಕೊಳವೆಗಳಲ್ಲಿ ಸುತ್ತುವ ಶೀತಕ, ಅಂದರೆ ಬಳಕೆಯ ಮಾತಿನಲ್ಲಿ ‘ಗ್ಯಾಸ್’, ಒಳಘಟಕದ ಸುರುಳಿಯಲ್ಲಿ ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುವಾಗ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಹೊರಘಟಕದಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಅದರ ಉಷ್ಣತೆಯನ್ನು ಹೊರಗಿನ ಗಾಳಿಗಿಂತ ಮೇಲಕ್ಕೇರಿಸುತ್ತದೆ. ಆಗ ಶಾಖ ತಾನಾಗಿ ಗಾಳಿಗೆ ಹರಿದು, ಶೀತಕ ಮತ್ತೆ ದ್ರವವಾಗುತ್ತದೆ. ಇಂದು ಭಾರತದ ಹಲವು ಯಂತ್ರಗಳಲ್ಲಿರುವ ಆರ್-32 ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಶೂನ್ಯಕ್ಕಿಂತ ಸುಮಾರು 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವುದರಿಂದ, ಅದನ್ನು 50 ಡಿಗ್ರಿಯ ಆಸುಪಾಸಿನಲ್ಲಿ ದ್ರವವಾಗಿಸಲು ವಾಯುಭಾರದ ಸುಮಾರು 30 ಪಟ್ಟು ಒತ್ತಡ ಬೇಕಾಗುತ್ತದೆ.

ಯಂತ್ರದ ಸಾಮರ್ಥ್ಯವನ್ನು ‘ಟನ್’ ಎಂಬ ಮಾನದಲ್ಲಿ ಹೇಳುವುದು ಮಂಜುಗಡ್ಡೆಯ ವ್ಯಾಪಾರದ ಕಾಲದಿಂದ ಉಳಿದುಬಂದ ಪದ್ಧತಿ. ಸುಮಾರು 907 ಕಿಲೋಗ್ರಾಂ ತೂಗುವ ಅಮೆರಿಕದ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಹೀರುವ ಶಾಖದ ದರವೇ ಒಂದು ಟನ್, ಅಂದರೆ ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಯಂತ್ರ ಪೂರ್ಣ ಬಲದಲ್ಲಿ ಸುಮಾರು 5.3 ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ತೆಗೆಯುತ್ತದೆ. ಅದಕ್ಕಾಗಿ ಬಳಸಿದ ಸುಮಾರು 1.5 ಕಿಲೋವ್ಯಾಟ್ ವಿದ್ಯುತ್ತೂ ಕೊನೆಗೆ ಶಾಖವೇ ಆಗುವುದರಿಂದ, ಹೊರಘಟಕ ಹೆಚ್ಚುಕಡಿಮೆ 6.8 ಕಿಲೋವ್ಯಾಟ್ ಶಾಖವನ್ನು ಗಾಳಿಗೆ ಬಿಡಬೇಕು. ಹಾದುಹೋಗುವ ಗಾಳಿ ಹತ್ತು ಡಿಗ್ರಿ ಮಾತ್ರ ಬಿಸಿಯಾಗಬೇಕೆಂದರೆ, ಪ್ರತಿ ಸೆಕೆಂಡಿಗೆ ಅರ್ಧ ಘನ ಮೀಟರಿಗೂ ಮಿಕ್ಕ ಗಾಳಿ ಘಟಕದ ಮೂಲಕ ಹರಿಯಬೇಕಾಗುತ್ತದೆ.

ಶಾಖವನ್ನು ತಂಪಾದ ಕಡೆಯಿಂದ ಬಿಸಿಯಾದ ಕಡೆಗೆ ಸಾಗಿಸುವುದು ಬಾವಿಯಿಂದ ನೀರು ಸೇದುವ ಕೆಲಸದಂಥದು. ಎತ್ತರ ಹೆಚ್ಚಿದಷ್ಟೂ ಶ್ರಮ ಹೆಚ್ಚು. ಫ್ರಾನ್ಸಿನ ಸಾಡಿ ಕಾರ್ನೋ 1824ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದ ನಿಯಮವು ಈ ಶ್ರಮದ ಕನಿಷ್ಠ ಮಿತಿಯನ್ನು ಲೆಕ್ಕ ಹಾಕಿಕೊಡುತ್ತದೆ. ಒಳಸುರುಳಿ 10 ಡಿಗ್ರಿಯಲ್ಲೂ ಹೊರಸುರುಳಿ 45 ಡಿಗ್ರಿಯಲ್ಲೂ ಇದ್ದರೆ, ಆದರ್ಶ ಯಂತ್ರವೊಂದು ಒಂದು ಯೂನಿಟ್ ವಿದ್ಯುತ್ತಿನಿಂದ ಎಂಟು ಯೂನಿಟ್ಟಿನಷ್ಟು ಶಾಖವನ್ನು ಸಾಗಿಸಬಲ್ಲದು. ಹೊರಸುರುಳಿ 55 ಡಿಗ್ರಿಗೇರಿದರೆ ಅದು ಆರಕ್ಕೆ ಸ್ವಲ್ಪ ಮಿಕ್ಕು ಮಾತ್ರ. ನಿಜವಾದ ಯಂತ್ರಗಳ ಸಾಧನೆ ಇದಕ್ಕಿಂತ ಎಷ್ಟೋ ಕಡಿಮೆಯಾದರೂ ಇಳಿಕೆಯ ದಿಕ್ಕು ಅದೇ. ಭಾರತದಲ್ಲಿ ಯಂತ್ರಗಳಿಗೆ ವಿದ್ಯುತ್ ಮಿತವ್ಯಯದ ನಕ್ಷತ್ರಗಳನ್ನು ಕೊಡುವಾಗ 24ರಿಂದ 43 ಡಿಗ್ರಿವರೆಗಿನ ಹೊರಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಪ್ರಯೋಗಾಲಯದಲ್ಲಿ ಘಟಕದ ಸುತ್ತ ಗಾಳಿ ತಡೆಯಿಲ್ಲದೆ ಆಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ, ಮೊದಲೇ 40 ದಾಟಿದ ಗಾಳಿ ಇಕ್ಕಟ್ಟಾದ ಮೂಲೆಯಲ್ಲಿ ಇನ್ನಷ್ಟು ಕಾದಾಗ, ಐದು ನಕ್ಷತ್ರಗಳ ಯಂತ್ರವೂ ಆ ನಕ್ಷತ್ರಗಳಿಗೆ ತಕ್ಕಂತೆ ನಡೆಯಲಾರದು.

ಗಾಳಿ ಕಾಯುವುದಕ್ಕೆ ಮುಖ್ಯ ಕಾರಣ ಮರುಸೇವನೆ, ಅಂದರೆ ಘಟಕ ಹೊರದೂಡಿದ ಬಿಸಿಗಾಳಿ ಸುತ್ತಿ ಬಂದು ಅದರ ಹಿಂಬದಿಯಿಂದಲೇ ಮತ್ತೆ ಒಳನುಗ್ಗುವುದು. ಮುಂದೆ ಒಂದೆರಡು ಅಡಿ ದೂರದಲ್ಲೇ ಗೋಡೆಯಿದ್ದರೆ, ಅಥವಾ ಹಿಂಬದಿ ಗೋಡೆಗೆ ಅಂಟಿಕೊಂಡಂತಿದ್ದರೆ ಇದು ಖಂಡಿತ. ಎಷ್ಟು ಅಂತರ ಬೇಕೆಂಬುದನ್ನು ತಯಾರಕರು ಕೈಪಿಡಿಯಲ್ಲಿ ಚಿತ್ರಸಹಿತ ಕೊಟ್ಟಿರುತ್ತಾರೆ, ಮತ್ತು ಅದನ್ನು ಕನಿಷ್ಠ ಅಂತರವೆಂದೇ ಭಾವಿಸಬೇಕು. ಬಿಸಿಲು ಬೀಳದಿರಲಿ ಎಂದು ಘಟಕಕ್ಕೆ ತಗಡಿನ ಗೂಡು ಕಟ್ಟುವುದು, ಅಂದ ಕೆಡದಿರಲಿ ಎಂದು ಒತ್ತೊತ್ತಾದ ಪಟ್ಟಿಗಳ ಜಾಲರಿ ಮುಚ್ಚುವುದು ಎರಡೂ ತಪ್ಪು ಲೆಕ್ಕಾಚಾರಗಳು. ನೆರಳಿನಿಂದ ದೊರೆಯುವ ಲಾಭ ಅಲ್ಪ. ಗಾಳಿ ತಡೆದದ್ದರಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು. ಮೇಲೊಂದು ಸಜ್ಜವಿದ್ದು ನಾಲ್ಕು ಕಡೆ ತೆರೆದಿದ್ದರೆ ಸಾಕು.

ಬಹುಮಹಡಿ ಕಟ್ಟಡಗಳಲ್ಲಿ ಈ ತೊಡಕು ಒಂದು ಮನೆಯದಾಗಿ ಉಳಿಯುವುದಿಲ್ಲ. ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಕೊಳವೆಗಳಿಗಾಗಿ ಬಿಟ್ಟ ಕಿರಿದಾದ ಡಕ್ಟಿನೊಳಗೇ ಎಲ್ಲ ಮಹಡಿಗಳ ಹೊರಘಟಕಗಳು ಒಂದರ ಮೇಲೊಂದು ನಿಂತಿರುತ್ತವೆ. ಬಿಸಿಗಾಳಿ ಹಗುರವಾದ್ದರಿಂದ ಕೆಳಮಹಡಿಗಳು ಬಿಟ್ಟ ಶಾಖ ಮೇಲೇರಿ ಮೇಲಿನ ಘಟಕಗಳ ಉಸಿರಾಗುತ್ತದೆ. ಮಹಡಿ ಮೇಲಾದಷ್ಟೂ ಸುತ್ತಲಿನ ಗಾಳಿ ಹೆಚ್ಚು ಬಿಸಿ, ಕಂಪ್ರೆಸರಿಗೆ ಹೆಚ್ಚು ಹೊರೆ, ಒತ್ತಡ ಮಿತಿ ಮೀರಿದಾಗ ಯಂತ್ರ ತಾನಾಗಿ ನಿಂತುಬಿಡುವ ಸಂಭವವೂ ಹೆಚ್ಚು. ಹಾಂಗ್‌ಕಾಂಗಿನ ಗಗನಚುಂಬಿ ವಸತಿಕಟ್ಟಡಗಳ ಒಳಸಂದುಗಳಲ್ಲಿ ಇದೇ ವಿದ್ಯಮಾನವನ್ನು ತಜ್ಞರು ಅಧ್ಯಯನ ಮಾಡಿದ್ದಾರೆ. ಕೆಳಮನೆಯವರ ತಂಪಿಗೆ ಮೇಲ್ಮನೆಯವರು ಬೆಲೆ ತೆರುವ ಈ ಅನ್ಯಾಯವನ್ನು ಯಾವ ಯಂತ್ರವೂ ಸರಿಪಡಿಸಲಾರದು. ಪ್ರತಿ ಮನೆಗೂ ಹೊರಗಾಳಿಗೆ ತೆರೆದುಕೊಂಡ ಒಂದು ಚಾಚು ಹಲಗೆಯನ್ನು ವಾಸ್ತುಶಿಲ್ಪಿ ನಕ್ಷೆಯಲ್ಲೇ ಸೇರಿಸಿದರೆ ಮಾತ್ರ ಅದು ತಪ್ಪೀತು.

ಹಾಗೆಂದು ಹೊರಘಟಕವನ್ನು ತುಂಬ ದೂರ ಒಯ್ಯುವಂತಿಲ್ಲ. ತಾಮ್ರದ ಕೊಳವೆ ಉದ್ದವಾದಷ್ಟೂ ಒತ್ತಡ ನಷ್ಟವಾಗುತ್ತದೆ, ಶೀತಕವೂ ಹೆಚ್ಚು ಬೇಕಾಗುತ್ತದೆ, ಮತ್ತು ಅದರೊಡನೆ ಸುತ್ತುವ ಕಂಪ್ರೆಸರಿನ ಎಣ್ಣೆ ಹಿಂದಿರುಗುವುದು ಕಷ್ಟವಾಗುತ್ತದೆ. ಕೊಳವೆ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಹೊರತೆಗೆಯಬೇಕು. ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿಯನ್ನು ಊದಿಹಾಕುವ ಅವಸರದ ವಿಧಾನದಲ್ಲಿ ತೇವ ಒಳಗೇ ಉಳಿದು, ಎಣ್ಣೆಯೊಡನೆ ವರ್ತಿಸಿ ಆಮ್ಲವನ್ನುಂಟುಮಾಡುತ್ತದೆ. ಆರ್-32 ಸ್ವಲ್ಪಮಟ್ಟಿಗೆ ಉರಿಯಬಲ್ಲ ಅನಿಲವಾದ್ದರಿಂದ ಅದನ್ನು ಹಾಗೆ ಹೊರಬಿಡುವುದು ಅಪಾಯಕಾರಿಯೂ ಹೌದು.

ಊರಿನ ಹವೆಯೂ ಜಾಗವನ್ನು ನಿರ್ಧರಿಸುತ್ತದೆ. ಮಂಗಳೂರು, ಕಾರವಾರಗಳ ಗಾಳಿಯಲ್ಲಿರುವ ಉಪ್ಪು, ತಾಮ್ರ ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿರುವೆಡೆಯಲ್ಲಿ ವಿದ್ಯುತ್ ರಾಸಾಯನಿಕ ಕ್ರಿಯೆಯನ್ನು ನಡೆಸಿ ಸುರುಳಿಗೆ ಹೊಂದಿಸಿದ ತೆಳುವಾದ ಅಲ್ಯುಮಿನಿಯಂ ರೆಕ್ಕೆಗಳನ್ನು ಪುಡಿಪುಡಿ ಮಾಡುತ್ತದೆ. ರಕ್ಷಾಲೇಪವಿರುವ ಸುರುಳಿಯನ್ನು ಆರಿಸಿ, ಕಡಲಿಗೆ ಮುಖ ಮಾಡದ ಗೋಡೆಯ ಕಡೆ ಘಟಕವನ್ನಿಟ್ಟು, ಮಳೆನೀರು ತಲುಪದಿದ್ದರೆ ಆಗಾಗ ಸಿಹಿನೀರಿನಿಂದ ತೊಳೆಯುವುದು ಅಲ್ಲಿ ಅಗತ್ಯ. ರಾಯಚೂರಿನ ಕಡೆ ದೂಳೇ ಶತ್ರು. ಹಲ್ಲಿಗಳು ಸರ್ಕ್ಯೂಟ್ ಬೋರ್ಡಿನ ಮೇಲೆ ಹರಿದು ಶಾರ್ಟ್ ಆಗುವುದಂತೂ ಎಲ್ಲ ಊರುಗಳಲ್ಲೂ ಇದೆ. ಇದೇ ಚಕ್ರವನ್ನು ತಿರುಗಿಸಿ ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪುಗಳನ್ನು ನಾರ್ವೆಯಂಥ ಶೀತದೇಶಗಳಲ್ಲಿ ನೆಲದಿಂದ ಎತ್ತರಿಸಿ ನಿಲ್ಲಿಸುತ್ತಾರೆ. ಅಲ್ಲಿ ಹಿಮ ಗಾಳಿಯ ಹಾದಿಯನ್ನು ಮುಚ್ಚಬಾರದು, ಹೊರಸುರುಳಿಯ ಮೇಲೆ ಕಟ್ಟಿದ ಮಂಜು ಕರಗಿದ ನೀರು ಸರಾಗ ಹರಿದುಹೋಗಬೇಕು.

ಮೂವತ್ತು ಕಿಲೋ ಆಸುಪಾಸು ತೂಗುವ, ಸದಾ ಅದುರುವ ಈ ಘಟಕವನ್ನು ಟೊಳ್ಳು ಇಟ್ಟಿಗೆಯ ಗೋಡೆಗೆ ತುಕ್ಕು ಹಿಡಿಯುವ ಬ್ರಾಕೆಟಿನಿಂದ ತೂಗುಹಾಕುವುದು ದಾರಿಹೋಕರ ಜೀವದ ಪ್ರಶ್ನೆ. 2024ರ ಆಗಸ್ಟಿನಲ್ಲಿ ದೆಹಲಿಯ ಕರೋಲ್ ಬಾಗಿನಲ್ಲಿ ಮಹಡಿಯಿಂದ ಕಳಚಿ ಬಿದ್ದ ಹೊರಘಟಕ ಕೆಳಗಿದ್ದ ತರುಣನೊಬ್ಬನ ಪ್ರಾಣ ತೆಗೆಯಿತು. ದುರಸ್ತಿಗೆ ಬರುವ ಕೆಲಸಗಾರನ ಜೀವವೂ ಅಷ್ಟೇ ಮುಖ್ಯ: ಕಿಟಕಿಯಿಂದ ಹೊರಗೆ ನೇತುಬಿದ್ದು ಸುರುಳಿ ತೊಳೆಯಬೇಕಾದ ಜಾಗವನ್ನು, ಗಾಳಿ ಎಷ್ಟೇ ಚೆನ್ನಾಗಿದ್ದರೂ, ಆರಿಸಬಾರದು. ಆದ್ದರಿಂದ ನಕ್ಷೆಯಲ್ಲಿ ಆ ಚಾಚು ಹಲಗೆಗೆ ಒಬ್ಬ ಮನುಷ್ಯ ನಿಂತು ಸ್ಪ್ಯಾನರ್ ತಿರುಗಿಸುವಷ್ಟು ಅಗಲ, ಒಳಗಿನಿಂದಲೇ ತೆರೆಯುವ ಬಾಗಿಲು, ಕೊಳವೆಗಾಗಿ ಹೊರಕ್ಕೆ ಇಳಿಜಾರಾದ ಒಂದು ರಂಧ್ರ ಮತ್ತು ಪ್ರತ್ಯೇಕ ಸ್ವಿಚ್ಚಿರುವ ವಿದ್ಯುತ್ ಮಾರ್ಗ ಇವಿಷ್ಟನ್ನೂ ಗೋಡೆ ಏಳುವ ಮೊದಲೇ ಗುರುತಿಸಬೇಕಾಗುತ್ತದೆ.