ಹಲ್ಲಿನ ಕ್ಲಿಪ್ಪು, ಕಬ್ಬಿನ ಜಲ್ಲೆ, ಬೋರ್‌ವೆಲ್ ನೀರು

ಸಂಕ್ರಾಂತಿಯ ಮಾರನೇ ದಿನ ಅಕ್ಕನ ಮಗಳು ಹಿತ್ತಲಿಗೆ ಕರೆದು ಅಂಗೈ ಬಿಚ್ಚಿದಳು. ಅಕ್ಕಿಕಾಳಿನಷ್ಟೇ ಉದ್ದದ, ಚೌಕನೆಯ ಉಕ್ಕಿನ ಚೂರು. “ಮಾವ, ಕ್ಲಿಪ್ಪು ಬಿದ್ದೋಯ್ತು. ಅಮ್ಮಂಗೆ ಹೇಳ್ಬೇಡ.” ಪಾಂಡವಪುರದಲ್ಲಿ ಬೆಳೆಯುವ ಹುಡುಗಿಗೆ ಕಬ್ಬಿನ ಜಲ್ಲೆಯನ್ನು ಹಲ್ಲಲ್ಲೇ ಸಿಗಿಯುವುದನ್ನು ಯಾರೂ ಕಲಿಸಬೇಕಿಲ್ಲ. ಕ್ಲಿಪ್ಪು ಹಾಕಿದ ಡಾಕ್ಟರು ಮೊದಲ ದಿನವೇ ಬೇಡವೆಂದಿದ್ದು ಅದನ್ನೇ.

ಭೂತಗನ್ನಡಿ ಹಿಡಿದು ನೋಡಿದೆ. ಚೂರಿನ ಬೆನ್ನಿಗೆ ಜರಡಿಯಂಥ ಸಣ್ಣ ಜಾಲರಿ. ಅದರ ಕಣ್ಣುಗಳಲ್ಲೆಲ್ಲ ಬಿಳಿಯ ಅಂಟು ಹಾಗೇ ಕೂತಿತ್ತು. ಅಂದರೆ ಅಂಟು ಲೋಹವನ್ನು ಬಿಟ್ಟಿಲ್ಲ, ಹಲ್ಲನ್ನು ಬಿಟ್ಟಿದೆ. ದಂತವೈದ್ಯರೂ ಹೀಗೇ ನೋಡುತ್ತಾರೆ. ಕ್ಲಿಪ್ಪು ಕಿತ್ತ ಮೇಲೆ ಹಲ್ಲಿನ ಮೇಲೆ ಎಷ್ಟು ಅಂಟು ಉಳಿದಿದೆ ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಪದ್ಧತಿಯೊಂದು 1984ರಿಂದ ಬಳಕೆಯಲ್ಲಿದೆ. ನಮ್ಮ ಹುಡುಗಿಯದು ಸೊನ್ನೆ.

ಹಲ್ಲಿಗೂ ಅಂಟಿಗೂ ನಡುವೆ ಇರುವುದು ಪ್ರೈಮರ್. ಮನೆಗೆ ಬಣ್ಣ ಹೊಡೆಸಿದವರಿಗೆಲ್ಲ ಗೊತ್ತಿರುವ ಪದವೇ. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ಗಾರೆ ಕೆಲಸ ನೋಡಬೇಕು. ಹಳೇ ಗೋಡೆಗೆ ಹೊಸ ಗಾರೆ ಹಿಡಿಯಲೆಂದು ಮೇಸ್ತ್ರಿ ಮೊದಲು ಗೋಡೆಯನ್ನು ಕೊಚ್ಚುತ್ತಾನೆ, ಆಮೇಲೆ ಸಿಮೆಂಟ್ ಹಾಲು ಬಳಿಯುತ್ತಾನೆ. ಹಲ್ಲಿನಲ್ಲಿ ಕೊಚ್ಚುವ ಕೆಲಸ ಆಮ್ಲದ್ದು. ಶೇ 37ರ ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು ಹದಿನೈದರಿಂದ ಮೂವತ್ತು ಸೆಕೆಂಡು ಬಿಟ್ಟು, ತೊಳೆದು, ಗಾಳಿ ಊದಿದರೆ ಹೊಳೆಯುತ್ತಿದ್ದ ಹಲ್ಲು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಎನಾಮಲ್ ತುಂಬ ಕಣ್ಣಿಗೆ ಕಾಣದ ಕುಳಿಗಳು. ನೀರಿನಂತೆ ತೆಳ್ಳಗಿರುವ ಪ್ರೈಮರ್ ಆ ಕುಳಿಗಳಿಗೆ ಇಳಿಯುತ್ತದೆ. ಅದರ ಮೇಲೆ ಅಂಟು ಸಹಿತ ಕ್ಲಿಪ್ಪು ಕೂರಿಸಿ ನೀಲಿ ಬೆಳಕು ಹಿಡಿದರೆ ಎಲ್ಲ ಗಟ್ಟಿ. ಕುಳಿಗಳೊಳಗೆ ಗಟ್ಟಿಯಾದ ಸಾವಿರಾರು ಸಣ್ಣ ಬೇರುಗಳೇ ಹಿಡಿತ.

ಈ ಉಪಾಯ ಹೊಳೆದದ್ದು ಅಮೆರಿಕದ ಮೈಕೆಲ್ ಬ್ಯೂನೊಕೋರ್‌ಗೆ, 1955ರಲ್ಲಿ. ಬಣ್ಣ ಹಿಡಿಯಲೆಂದು ಲೋಹಕ್ಕೆ ಆಮ್ಲ ಸವರುವ ಕಾರ್ಖಾನೆಯ ರೂಢಿಯನ್ನು ಅವರು ಹಲ್ಲಿಗೆ ತಂದರು. 1965ರಲ್ಲಿ ಜಾರ್ಜ್ ನ್ಯೂಮನ್ ಎಪಾಕ್ಸಿ ಅಂಟಿನಿಂದ ಕ್ಲಿಪ್ಪುಗಳನ್ನೇ ಅಂಟಿಸಿ ತೋರಿಸಿದರು. ಅದಕ್ಕೂ ಮೊದಲು ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ ಒಂದೊಂದು ಹಲ್ಲಿಗೂ ಲೋಹದ ಉಂಗುರ.

ಹಿಡಿತ ಎಷ್ಟಿರಬೇಕು? 1975ರಲ್ಲಿ ರೆನಾಲ್ಡ್ಸ್ ಎಂಬ ಸಂಶೋಧಕರು ಕೊಟ್ಟ ಲೆಕ್ಕ ಚದರ ಮಿಲಿಮೀಟರಿಗೆ ಸುಮಾರು 6ರಿಂದ 8 ನ್ಯೂಟನ್. ಕ್ಲಿಪ್ಪಿನ ತಳ ಹತ್ತು ಚದರ ಮಿಲಿಮೀಟರ್ ಎಂದಿಟ್ಟುಕೊಂಡರೆ ಆರರಿಂದ ಎಂಟು ಕಿಲೋ ತೂಕದಷ್ಟು ಬಲ. ಹಲ್ಲನ್ನು ಸರಿಸುವ ತಂತಿಯ ಎಳೆತ ಕೆಲವು ನೂರು ಗ್ರಾಂ ದಾಟುವುದೇ ಅಪರೂಪ. ಉಳಿದ ಶಕ್ತಿಯೆಲ್ಲ ಅಗಿತಕ್ಕೆ, ಅಂದರೆ ಕಬ್ಬು, ಕೊಬ್ಬರಿ, ಸಕ್ಕರೆ ಅಚ್ಚು, ನಿಪ್ಪಟ್ಟಿಗೆ. ಹಾಗಂತ ಇಪ್ಪತ್ತು ಕಿಲೋ ತಾಳುವ ಅಂಟು ಸಿಕ್ಕರೆ ಖುಷಿಪಡುವಂತಿಲ್ಲ. ಚಿಕಿತ್ಸೆ ಮುಗಿದು ಕ್ಲಿಪ್ಪು ತೆಗೆಯುವಾಗ ಜೊತೆಗೆ ಎನಾಮಲ್ ಚಕ್ಕೆಯೂ ಎದ್ದು ಬರಬಹುದು, ಮತ್ತೆ ಬೆಳೆಯದ ವಸ್ತು ಅದು. ಎರಡು ವರ್ಷ ಬಿಡಬಾರದು, ಬಿಡು ಅಂದ ದಿನ ಬಿಡಬೇಕು: ಇಂಥ ವಿಚಿತ್ರ ನೌಕರಿ ಪ್ರೈಮರಿನದು.

ಈ ಬಲವನ್ನು ಅಳೆಯುವುದು ಚಿಕಿತ್ಸೆಗಾಗಿ ಕಿತ್ತ ಹಲ್ಲುಗಳ ಮೇಲೆ. ಅಚ್ಚಿನಲ್ಲಿ ಹೂತ ಹಲ್ಲಿನ ಕ್ಲಿಪ್ಪನ್ನು ಯಂತ್ರದ ಅಲಗು ನಿಮಿಷಕ್ಕೆ ಅರ್ಧ ಅಥವಾ ಒಂದು ಮಿಲಿಮೀಟರ್ ವೇಗದಲ್ಲಿ ಒತ್ತುತ್ತದೆ. ಕಬ್ಬು ಸಿಗಿಯುವವರು ಅಷ್ಟು ತಾಳ್ಮೆಯವರಲ್ಲ. ಆಮ್ಲ, ಪ್ರೈಮರ್ ಎರಡೂ ಒಂದೇ ಸೀಸೆಯಲ್ಲಿರುವ, ತೊಳೆಯುವ ತಾಪತ್ರಯವಿಲ್ಲದ ಹೊಸ ಬಗೆಯೂ ಬಂದಿದೆ. ಅದು ಹಳೇ ಕ್ರಮಕ್ಕಿಂತ ಮೇಲೋ ಕೆಳಗೋ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2013ರಲ್ಲಿ ಹೇಳಿತು.

ಆದರೆ ನಮ್ಮ ಹುಡುಗಿಯ ಸೊನ್ನೆಗೆ ಕಬ್ಬೊಂದೇ ಕಾರಣವಲ್ಲ, ಕುಡಿದ ನೀರೂ ಇರಬಹುದು ಅಂತ ನನ್ನ ಗುಮಾನಿ. ಶ್ರೀರಂಗಪಟ್ಟಣ, ಪಾಂಡವಪುರ ಕನ್ನಂಬಾಡಿ ಕಟ್ಟೆಯ ಕಾಲುವೆಯ ಸೀಮೆ. ಕೆ.ಆರ್.ಪೇಟೆಗೆ ಅರ್ಧಂಬರ್ಧ ಹೇಮಾವತಿ. ನಾಗಮಂಗಲದ ಬಹುಪಾಲು ಮಳೆ ನಂಬಿದ ಬಯಲು, ಹಳ್ಳಿಗಳಿಗೆ ಬೋರ್‌ವೆಲ್ಲೇ ಗತಿ. ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ಆಳದ ನೀರಿಗೆ ಫ್ಲೋರೈಡ್ ಸೇರುವುದುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ದೇಶದ ಮಾನದಂಡ. ಭಾವನ ಊರು ನಾಗಮಂಗಲದ ಕಡೆ. ಹುಡುಗಿ ಏಳು ವರ್ಷದವರೆಗೆ ಅಲ್ಲೇ ಇದ್ದಳು. ಅವಳ ಹಲ್ಲುಗಳ ಮೇಲೆ ಸುಣ್ಣದ ಗೆರೆಯಂಥ ತೆಳು ಪಟ್ಟೆಗಳಿವೆ.

ಫ್ಲೋರೈಡ್ ಹೆಚ್ಚಾಗಿ ಕುಡಿದ ಎನಾಮಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಕುಳಿ ಸರಿಯಾಗಿ ಬೀಳದಿದ್ದರೆ ಪ್ರೈಮರ್ ಇಳಿಯುವುದಾದರೂ ಎಲ್ಲಿಗೆ? ಹಲ್ಲು ರೂಪುಗೊಳ್ಳುವುದು ದವಡೆಯೊಳಗೆ ಎಳವೆಯಲ್ಲೇ. ಈಗ ಊರೂರಲ್ಲಿ ಶುದ್ಧ ನೀರಿನ ಘಟಕವಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆದರೆ ಆಗಲೇ ಮೂಡಿದ ಹಲ್ಲಿಗೆ ಆ ನೀರು ತಡವಾಗಿ ಬಂತು.

ಗುಟ್ಟು ಸಂಜೆಯೊಳಗೆ ರಟ್ಟಾಯಿತು. ಅಕ್ಕ ಬೈದದ್ದೂ ಆಯಿತು. ಮುಂದಿನ ವಾರ ಮೈಸೂರಿಗೆ ಕರೆದುಕೊಂಡು ಹೋದೆ. ಪಟ್ಟೆಗಳನ್ನು ಗಮನಿಸಿದ ಡಾಕ್ಟರು ಹಲ್ಲಿನ ಮೇಲ್ಮೈಯನ್ನು ತುಸು ಉಜ್ಜಿ, ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟು, ಹೊಸ ಕ್ಲಿಪ್ಪು ಕೂರಿಸಿದರು. ತಿನ್ನಬಾರದ್ದರ ಪಟ್ಟಿಯನ್ನು ಮತ್ತೆ ಓದಿದರು.

“ಮುದ್ದೆ, ಸಾರ್?” ಎಂದಳು ಹುಡುಗಿ.

ಡಾಕ್ಟರು ನಕ್ಕರು. “ಅದನ್ನ ಅಗೀತೀಯೇನಮ್ಮ ನೀನು?”